ಸರಕಾರಿ ಕಾಡಿನ ಕಲ್ಲು ಮಣ್ಣುಗಳೂ ರೈತರ ಹೊಣೆಯೂ

ಬೆಂಗಳೂರಿನ ಉತ್ತರ ಭಾಗದಲ್ಲಿ, ಯಲಹಂಕದ ಬಳಿಯ ಜಾರಕಬಂಡೆ ಕಾವಲಿನಂತಹ ಕಾಯ್ದಿಟ್ಟ ಅರಣ್ಯಗಳು ಊರುಗಳಿಗೆ ಒತ್ತಿಕೊಂಡೇ ಇರುತ್ತವೆ. ಬದುವಿಗೆ ಕಲ್ಲು, ದಾರಿಗೆ ಗರಸು, ಸವೆದ ಹೊಲಕ್ಕೆ ಮಣ್ಣು ಬೇಕಾದಾಗ, ಮರ ಕಡಿಯುವುದು ಮಾತ್ರವೇ ತಪ್ಪು, ಬಿದ್ದಿರುವ ಕಲ್ಲಿಗೆ ಅಪ್ಪಣೆ ಏತಕ್ಕೆ ಎಂದು ಕೆಲವರು ಭಾವಿಸುವುದುಂಟು. ಈ ಭಾವನೆಯು ಸರಿಯಲ್ಲವೆಂಬುದನ್ನು ಗ್ರಾಮದ ಪ್ರಮುಖರೂ ಜಮೀನುದಾರರೂ ಮನಗಾಣತಕ್ಕದ್ದು.

೧೯೬೩ನೆಯ ಇಸವಿಯ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ, ಕಾಡಿನಲ್ಲಿರುವ ಮೇಲ್ಮಣ್ಣು, ಕಲ್ಲು ಮತ್ತು ಖನಿಜಗಳು ಸಹ ಅರಣ್ಯೋತ್ಪನ್ನಗಳೇ ಆಗಿರುತ್ತವೆ. ಕಾಯ್ದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಕಲ್ಲು ಒಡೆಯುವುದು ಅಪರಾಧವು. ಮಾಲು ಮಾತ್ರವಲ್ಲದೆ, ಅದನ್ನು ತೆಗೆಯಲು ಮತ್ತು ಸಾಗಿಸಲು ಬಳಸಿದ ಹತಾರಗಳು, ವಾಹನಗಳು, ಎತ್ತುಗಳು ಸಹ ಜಪ್ತಿಗೆ ಗುರಿಯಾಗುವುವು. ಕಂಟ್ರಾಕ್ಟರರಿಗೆ ಬಾಡಿಗೆಗೆ ಕೊಟ್ಟ ಟ್ರಾಕ್ಟರು ಹೀಗೆ ಸಿಕ್ಕಿಬಿದ್ದರೆ ಬಿತ್ತನೆಯ ಹದವು ತಪ್ಪುವುದು. ಸಾಲದ ಕಂತು ಮಾತ್ರ ನಿಲ್ಲದು. ಆದುದರಿಂದ ಮಾಲು ಎಲ್ಲಿಯದೆಂದು ವಿಚಾರಿಸದೆ ಗಾಡಿಯನ್ನು ಕೊಡಲಾಗದು.

ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ೧೯೯೪ರ ಉಪಖನಿಜ ನಿಯಮಗಳಂತೆ ಕಲ್ಲುಗಣಿಗೆ ಪರವಾನಗಿ ಕೊಡುತ್ತಾರೆ. ಆದರೆ ಅರಣ್ಯಭೂಮಿಯಲ್ಲಿ ಅಷ್ಟೇ ಸಾಲದು. ೧೯೮೦ನೆಯ ಇಸವಿಯ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರ ಸರಕಾರದ ಪೂರ್ವಾನುಮತಿಯು ಅವಶ್ಯಕ. ೧೯೯೬ನೆಯ ಡಿಸೆಂಬರ್ ೧೨ರಂದು ಸುಪ್ರೀಂ ಕೋರ್ಟು, ಭೂಮಿಯ ಒಡೆತನ ಯಾರದಾದರೂ ದಾಖಲೆಯಲ್ಲಿ ಅರಣ್ಯವೆಂದಿದ್ದರೆ ಈ ಕಾಯಿದೆಯು ಅನ್ವಯಿಸುವುದೆಂದು ಆಜ್ಞಾಪಿಸಿತು. ಪಂಚಾಯತಿಯ ಠರಾವು ಈ ಅನುಮತಿಗೆ ಬದಲಾಗಲಾರದು. ೨೦೦೬ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಹೇಳಿರುವ ಕಿರು ಅರಣ್ಯೋತ್ಪನ್ನಗಳು ಗಿಡಮರಗಳಿಂದ ದೊರೆಯುವಂಥವು. ಕಲ್ಲು ಮಣ್ಣುಗಳು ಅದರಲ್ಲಿ ಸೇರವು.

ಈ ನಿರ್ಬಂಧವು ವ್ಯವಸಾಯಕ್ಕೂ ಹಿತಕರವಾದುದು. ಕಾಡಿನ ಮೇಲ್ಮಣ್ಣನ್ನು ಕೆರೆದರೆ ಮಳೆಯ ನೀರು ಇಂಗದೆ ರಭಸದಿಂದ ಹರಿದು, ಹೂಳನ್ನು ತಂದು ಕೆಳಗಿನ ಕೆರೆಯಲ್ಲಿ ತುಂಬುವುದು. ಬಾವಿಗಳ ನೀರು ಇಳಿಯುವುದು. ಒಂದು ಬಂಡಿ ಮಣ್ಣಿನ ಆಶೆಗೆ ಊರಿನ ನೀರನ್ನೇ ಕಳೆದುಕೊಂಡಂತಾಗುವುದು.

ಹಾಗಾದರೆ ರೈತರು ಮಾಡಬೇಕಾದುದೇನು? ಬದುವಿಗೆ ತಮ್ಮ ಹೊಲದಲ್ಲಿಯೇ ಆಯ್ದ ಕಲ್ಲುಗಳನ್ನು ಉಪಯೋಗಿಸಬಹುದು. ಹೊಲಕ್ಕೆ ಕಾಡಿನ ಮಣ್ಣಿಗಿಂತ ಕೆರೆಗೋಡೇ ಮೇಲು. ಅದರಲ್ಲಿರುವ ಜೇಡಿಯು ನಮ್ಮ ಮರಳುಮಿಶ್ರಿತ ಕೆಮ್ಮಣ್ಣಿಗೆ ತೇವವನ್ನು ಹಿಡಿದಿಡುವ ಶಕ್ತಿಯನ್ನು ಕೊಡುವುದು. ಬೇಸಗೆಯಲ್ಲಿ ಕೆರೆಯು ಬತ್ತಿದಾಗ, ಅದರ ಆಡಳಿತವುಳ್ಳವರಿಂದ ಬರಹದ ಅನುಮತಿಯನ್ನು ಪಡೆದು, ಏರಿಯ ಬುಡವನ್ನು ಬಿಟ್ಟು, ಒಂದೇ ಕಡೆ ಆಳವಾದ ಹಳ್ಳ ಬೀಳದಂತೆ ಗೋಡನ್ನು ತೆಗೆಯತಕ್ಕದ್ದು.

ಆದರೆ ಹೆಬ್ಬಾಳದ ಕಣಿವೆಯ ಕೆರೆಗಳಂತೆ ನಗರದ ಕೊಳಚೆ ಸೇರಿದ ಕಡೆಯ ಗೋಡಿನಲ್ಲಿ ವಿಷಲೋಹಗಳಿರಬಹುದು. ಅಂತಹುದನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಕೂಡದು.

ಗ್ರಾಮದ ಪ್ರಮುಖರು ಅರಣ್ಯದ ಎಲ್ಲೆಯ ಕಲ್ಲುಗಳನ್ನು ರೈತರಿಗೆ ತೋರಿಸಿಕೊಟ್ಟು, ಸಂದೇಹವಿರುವ ಸರ್ವೆ ನಂಬರುಗಳ ವಿಷಯದಲ್ಲಿ ವಲಯ ಅರಣ್ಯಾಧಿಕಾರಿಯವರನ್ನು ಮೊದಲೇ ವಿಚಾರಿಸುವುದು ಯುಕ್ತವು. ಗುದ್ದಲಿ ಬೀಳುವ ಮೊದಲು ಕೇಳಿದ ಮಾತಿಗೆ ಖರ್ಚಿಲ್ಲ.