ಹಳೆಯ ಮಿಲ್ಲಿಂಗ್ ಯಂತ್ರಕ್ಕೆ ಹೊಸ ಮೋಟಾರು

ಗುಜರಿಗೆ ಬಂದ ಹಳೆಯ ಮಿಲ್ಲಿಂಗ್ ಯಂತ್ರವನ್ನು ಕೊಂಡು ಮನೆಯಲ್ಲಿಯೇ ಸಿ.ಎನ್.ಸಿ.ಯಾಗಿ ಮಾರ್ಪಡಿಸುವ ಹಂಬಲ ಬಾಲಾನಗರದ ವರ್ಕ್‌ಷಾಪುಗಳಲ್ಲಿ ದುಡಿಯುವ ನಮ್ಮವರ ಮಕ್ಕಳಲ್ಲಿ ಕೆಲವರಿಗುಂಟು. ಹಂಬಲ ಶ್ಲಾಘ್ಯವೇ, ಆದರೆ ಹೂಡುವ ಹಣ ತಂದೆಯ ಉಳಿತಾಯವಾದ್ದರಿಂದ ಎರಡು ಮಾತು ಹೇಳಬೇಕಾಗಿದೆ.

ತಿರುಗುವ ಕಟರಿನೆದುರು ಮೇಜನ್ನು ಸರಿಸಿ ಲೋಹವನ್ನು ಕೊರೆಯುವುದೇ ಮಿಲ್ಲಿಂಗ್. ಮೇಜಿನ ಸ್ಕ್ರೂವನ್ನು ಕೈಯ ಬದಲು ಅಂಕಿಗಳ ಆಜ್ಞೆಯಂತೆ ಮೋಟಾರು ತಿರುಗಿಸಿದರೆ ಅದು ಸಿ.ಎನ್.ಸಿ. ಅಮೆರಿಕದ ಎಂ.ಐ.ಟಿ.ಯಲ್ಲಿ 1952ರಲ್ಲಿ ಪ್ರದರ್ಶಿತವಾದ ಇಂಥ ಮೊದಲ ಯಂತ್ರವೂ ಹೊಸದಾಗಿ ಕಟ್ಟಿದುದಲ್ಲ; ಸಿನ್ಸಿನಾಟಿ ಕಂಪೆನಿಯ ಮಿಲ್ಲಿಂಗ್ ಯಂತ್ರವನ್ನೇ ಮಾರ್ಪಡಿಸಿದುದು.

ಸಾಮಾನ್ಯ ಸ್ಟೆಪ್ಪರ್ ಮೋಟಾರು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಸುತ್ತಿಗೆ 5 ಮಿ.ಮೀ. ಸಾಗುವ ಸ್ಕ್ರೂವಿಗೆ ಜೋಡಿಸಿದರೆ ಹೆಜ್ಜೆಯೊಂದಕ್ಕೆ ಮೇಜು 0.025 ಮಿ.ಮೀ. ಸರಿಯುವುದು. ಸವೆದ ಸ್ಕ್ರೂವಿನಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೋ, ದಿಕ್ಕು ಬದಲಿಸಿದಾಗ ಮೊದಲ 20 ಹೆಜ್ಜೆ ವ್ಯರ್ಥ. ಪಳಗಿದ ಕೈ ಅದನ್ನು ಅರಿತೀತು; ಮೋಟಾರಿಗೆ ಆ ಅರಿವಿಲ್ಲ. ಸಡಿಲವನ್ನು ಲೆಕ್ಕಕ್ಕೆ ಹಿಡಿಯುವ ತಂತ್ರಾಂಶವಿದ್ದರೂ ಕಟರೇ ಮೇಜನ್ನು ಸೆಳೆದುಕೊಂಡರೆ ಆ ಲೆಕ್ಕ ನಿಲ್ಲದು. ಬಾಲ್ ಸ್ಕ್ರೂ ಹಾಕಿಸುವುದು ಇದಕ್ಕಾಗಿಯೇ.

ನಾನು ಹೋಟೆಲು ನಡೆಸುತ್ತಿದ್ದಾಗ ದೋಸೆಯ ಹಿಟ್ಟು ತರಿತರಿಯಾಯಿತೆಂದು ಗ್ರೈಂಡರಿಗೆ ಹೊಸ ಮೋಟಾರು ಹಾಕಿಸಿ ಹಣ ಕಳೆದುಕೊಂಡೆ. ಬೇಕಾಗಿದ್ದುದು ಸವೆದ ಕಲ್ಲಿಗೆ ಉಳಿಯ ಪೆಟ್ಟು! ಇಲ್ಲಿಯೂ ಹಾಗೆಯೇ. ನೇರವಾದ ಉಕ್ಕಿನ ಪಟ್ಟಿಗೆ ನೀಲಿ ಸವರಿ ಮೇಜು ಜಾರುವ ಹಾದಿಯ ಮೇಲೆ ಉಜ್ಜಿದರೆ ಉಬ್ಬಿದೆಡೆಗೆ ನೀಲಿ ಹತ್ತುವುದು. ಅಷ್ಟನ್ನೇ ಕೆರೆದು ಮತ್ತೆ ಉಜ್ಜಬೇಕು, ದಿನಗಟ್ಟಲೆಯ ಕೆಲಸ.

ಕೊಳ್ಳುವ ಮುನ್ನ ಮೇಜಿಗೆ ಡಯಲ್ ಗೇಜ್ ಹಚ್ಚಿ ಹಿಡಿಯನ್ನು ಹಿಂದುಮುಂದು ತಿರುಗಿಸಿ ನೋಡಿರಿ. ತುದಿಯಲ್ಲಿ ಮಾತ್ರ ನೋಡಿದರೆ ಸಾಲದು. ಸ್ಕ್ರೂ ಹೆಚ್ಚು ಸವೆಯುವುದು ನಡುವಿನಲ್ಲಿ.