ಬೆಳತನಕ ಭಜನೆ, ಭೀಮಾ ದಂಡೆಯಲ್ಲಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲು 42 ಡಿಗ್ರಿ ದಾಟುವ ಸೀಮೆಯಲ್ಲಿ ಹಗಲನ್ನು ಅಷ್ಟಕ್ಕೇ ಮುಗಿಸುವುದು ಲೇಸು. ಊರು ಎದ್ದು ಕೂರುವುದು ಹೊತ್ತು ಮುಳುಗಿದ ಮೇಲೆ. ತೊಗರಿ ಮಾರಿ ಆಗಿರುತ್ತದೆ, ಬಿಳಿಜೋಳದ ರಾಶಿ ಮನೆ ಸೇರಿರುತ್ತದೆ, ಮಿರಗದ, ಅಂದರೆ ಮೃಗಶಿರಾ ಮಳೆಗೆ ಇನ್ನೂ ದಿನಗಳಿರುತ್ತವೆ. ಹೋಳಿಹುಣ್ಣಿಮೆಯಿಂದ ಮಿರಗದವರೆಗಿನ ಈ ಬಿಡುವಿನಲ್ಲೇ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎಷ್ಟೋ ಊರುಗಳು ಜಾತ್ರೆ ಮಾಡುತ್ತವೆ. ತೇರು ಎಳೆಯುತ್ತಾರೆ, ಕುಸ್ತಿ ಹಿಡಿಯುತ್ತಾರೆ, ಬೆಂಡು ಬತ್ತಾಸು ಕೊಳ್ಳುತ್ತಾರೆ. ಅದೆಲ್ಲ ಮುಗಿದು ಮಕ್ಕಳು ಮಲಗಿದ ಮೇಲೆ, ಗುಡಿಯ ಮುಂದೆ ಹಾಸಿದ ತಾಡಪತ್ರಿಯ ಮೇಲೆ ಭಜನಿ ಮಂದಿ ಬಂದು ಕೂರುತ್ತಾರೆ. ಆಗ ಶುರುವಾದದ್ದು ಮುಗಿಯುವುದು ಮೂಡಣ ಬೆಳ್ಳಗಾದಾಗಲೇ.

ಈ ಅಹೋರಾತ್ರಿ ಭಜನೆಗೆ ಟಿಕೀಟಿಲ್ಲ, ವೇದಿಕೆ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಬಯಲೇ ಸಭಾಂಗಣ. ಹಾಡುವುದು ಬಹುಮಟ್ಟಿಗೆ ತತ್ವಪದ, ಅಂದರೆ ಅನುಭಾವಿಗಳು ಆಡುಮಾತಿನಲ್ಲಿ ಕಟ್ಟಿದ ಹಾಡು. ಕೇಳುವವರಲ್ಲಿ ಅರ್ಧ ಮಂದಿಗೆ ಪದ ಬಾಯಿಪಾಠವಾಗಿರುತ್ತದೆ, ಉಳಿದರ್ಧ ಮಂದಿಗೆ ಅದರ ಪಲ್ಲವಾದರೂ ಗೊತ್ತಿರುತ್ತದೆ. ಇಷ್ಟು ದೊಡ್ಡ ಸಂಗೀತ ಹಬ್ಬ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ನಡೆಯುತ್ತಿದ್ದರೂ ರಾಜ್ಯದ ಬೇರೆ ಭಾಗಗಳವರಿಗೆ ಇದರ ಪರಿಚಯ ಕಡಿಮೆ. ಹಂಪಿ, ಮೈಸೂರು ಎಂದರೆ ಹೊರಡುವವರು ಭೀಮೆಯ ದಂಡೆಗೂ ಒಮ್ಮೆ ಬರಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳನ್ನು ಪೋಣಿಸಿರುವುದು ನೀರು. ಅಮರ್ಜಾ ನದಿ ಆಳಂದ ತಾಲ್ಲೂಕಿನಿಂದ ಹರಿದು ಬಂದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆಯೋ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಕನ್ನಡ ನಾಡಿಗೆ ಇಳಿದು, ಕಟ್ಟಿಸಂಗಾವಿಯ ಸೇತುವೆ ದಾಟಿ ಜೇವರ್ಗಿಯ ಮಗ್ಗುಲಲ್ಲಿ ಸಾಗಿ ಮುಂದೆ ಕೃಷ್ಣೆಗೆ ಸೇರುತ್ತಾಳೆ. ನದಿಯ ಜೊತೆಗೆ ಹಾಡೂ ಇಳಿದು ಬಂದಿದೆ. ಮೇಲಿಂದ ಪಂಢರಪುರದ ವಿಠಲನ ಭಕ್ತರಾದ ವಾರಕರಿಗಳ ಅಭಂಗ ಬಂತು. ಗಾಣಗಾಪುರದ ದತ್ತ ಪರಂಪರೆಯ ಗುರು ನರಸಿಂಹ ಸರಸ್ವತಿಗಳ ಕಥೆ ಹೇಳುವ ಮರಾಠಿಯ ‘ಗುರುಚರಿತ್ರ’ವನ್ನು ಬರೆದ ಸರಸ್ವತಿ ಗಂಗಾಧರ ಮನೆಮಾತು ಕನ್ನಡದವನು, ಆಳಂದ ತಾಲ್ಲೂಕಿನ ಕಡಗಂಚಿಯವನೆಂದು ಪ್ರತೀತಿ. ಜೇವರ್ಗಿಯಲ್ಲಿ 17ನೆಯ ಶತಮಾನದ ಷಣ್ಮುಖ ಶಿವಯೋಗಿಗಳು ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ವಚನ ಬರೆದರು. ಆಳಂದದ ಲಾಡ್ಲೆ ಮಶಾಖ್ ದರ್ಗಾದಲ್ಲಿ, ಕಲಬುರಗಿಯ ಬಂದೇನವಾಜ್ ದರ್ಗಾದಲ್ಲಿ ಸೂಫಿಗಳ ಕವ್ವಾಲಿ ಬೆಳೆಯಿತು. ಅಭಂಗದ ತಾಳ, ವಚನದ ಮಾತು, ಸೂಫಿಯ ಹಂಬಲ ಮೂರೂ ಒಂದೇ ಬಾಯಲ್ಲಿ ಕೂಡಿದ್ದು ತತ್ವಪದದಲ್ಲಿ.

ಆ ಬಾಯಿ ಕಡಕೋಳ ಮಡಿವಾಳಪ್ಪನವರದು. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ, ನೆಲೆ ನಿಂತದ್ದು ಜೇವರ್ಗಿ ಸೀಮೆಯ ಕಡಕೋಳದಲ್ಲಿ. ಆ ಊರು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. 18ನೆಯ ಶತಮಾನದ ಕೊನೆಯಿಂದ 19ನೆಯ ಶತಮಾನದ ನಡುವಿನವರೆಗೆ ಅವರ ಕಾಲ. ಜಾತಿಯ ಹೆಸರಿನಲ್ಲಿ ತುಂಬ ನೊಂದ ಜೀವ ಅದು ಎಂದು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಅವರ ಪದಗಳಲ್ಲಿ ಗುರುವಿನ ಮೇಲಿನ ಪ್ರೀತಿ ಎಷ್ಟಿದೆಯೋ ಡಂಭದ ಮೇಲಿನ ಸಿಟ್ಟೂ ಅಷ್ಟೇ ಇದೆ. ಶಿಶುನಾಳ ಷರೀಫರು 1819ರಲ್ಲಿ ಹುಟ್ಟುವ ಹೊತ್ತಿಗೆ ಈ ಕಡೆ ಮಡಿವಾಳಪ್ಪನವರು ಬೆಳೆದು ನಿಂತಿದ್ದರು. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡ ಸಿದ್ಧಪ್ಪ ಹೀಗೆ ಅವರ ಶಿಷ್ಯರ ಹೆಸರು ಓದಿದರೆ ಸಾಕು, ಯಾವ ಜಾತಿ, ಯಾವ ಧರ್ಮ ಎಂದು ಆ ಗುರು ಕೇಳಿರಲಿಲ್ಲವೆಂದು ತಿಳಿಯುತ್ತದೆ. ಶಿಷ್ಯರೂ ಪದ ಕಟ್ಟಿದರು, ಶಿಷ್ಯರ ಶಿಷ್ಯರೂ ಕಟ್ಟಿದರು. ಭಜನೆಯಲ್ಲಿ ಇವರೆಲ್ಲ ಒಂದೇ ಸಾಲಿನಲ್ಲಿ ಬರುತ್ತಾರೆ. ಜಲಾಲಸಾಹೇಬರ ಪದವನ್ನು ಹನುಮಪ್ಪನ ಗುಡಿಯ ಮುಂದೆ ಹಾಡುವಾಗ ಯಾರೂ ಹುಬ್ಬೇರಿಸುವುದಿಲ್ಲ. ಅದು ಮಡಿವಾಳಪ್ಪನ ಮಂದಿಯ ಪದ, ಅಷ್ಟೇ.

ಇನ್ನು ಮೇಳದ ಮಾತು. ಒಂದು ಭಜನಾ ಮೇಳಕ್ಕೆ ಏಳೆಂಟು ಮಂದಿ ಬೇಕು. ಪೇಟಿ (ಹಾರ್ಮೋನಿಯಂ), ತಬಲಾ, ಎರಡು ಮೂರು ಜೊತೆ ತಾಳ, ಏಕತಾರಿ, ದಮ್ಮಡಿ. ಸೋರೆಬುರುಡೆಗೆ ಕೋಲು ಕೂಡಿಸಿ ಒಂದೇ ತಂತಿ ಬಿಗಿದ ಏಕತಾರಿ ಶ್ರುತಿಯನ್ನೂ ಹಿಡಿಯುತ್ತದೆ, ಲಯವನ್ನೂ ಹಿಡಿಯುತ್ತದೆ. ಪೇಟಿ ಬರುವ ಮುಂಚೆ ಅದೊಂದೇ ಆಸರೆಯಾಗಿತ್ತು. ದಮ್ಮಡಿಯ ಕಥೆ ಬೇರೆ. ಅಂಗೈಯಗಲದ ಬಳೆಗೆ ಚರ್ಮ ಬಿಗಿದ ಈ ವಾದ್ಯ ಹವೆಗೆ ತಕ್ಕಂತೆ ದನಿ ಬದಲಿಸುತ್ತದೆ. ಬೇಸಿಗೆಯ ಒಣಗಾಳಿಯಲ್ಲಿ ಊರೊಳಗೆ ಟಣ್ ಎನ್ನುವ ಚರ್ಮ, ನಡುರಾತ್ರಿ ಹೊಳೆಯ ತಂಪು ತಾಗಿದರೆ ಸಡಿಲಾಗಿ ಮಂಕಾಗುತ್ತದೆ. ಆಗ ಬಾರಿಸುವವನು ಎದ್ದು ಹೋಗಿ ಎರಡು ಹಿಡಿ ಜೋಳದ ಕಣಕಿ ಹೊತ್ತಿಸಿ, ಉರಿಯ ಮೇಲೆ ಚರ್ಮವನ್ನು ತಿರುಗಿಸುತ್ತ ಬೆರಳಿನಿಂದ ತಟ್ಟಿ ತಟ್ಟಿ ಆಲಿಸುತ್ತಾನೆ. ಬೇಕಾದ ದನಿ ಬಂದ ಕೂಡಲೆ ಓಡಿ ಬಂದು ಹಾಡಿನ ನಡುವೆಯೇ ತಾಳ ಹಿಡಿಯುತ್ತಾನೆ. ಮುಂದಿನ ಪದದ ಕಾವು ಅದರಿಂದಲೇ ಏರುತ್ತದೆ.

ಮುಂದೆ ಹಾಡುವವನು ‘ಕಾಳಿ ಎರಡು’, ಅಂದರೆ ಎರಡನೆಯ ಕಪ್ಪು ಪಟ್ಟಿಯ ಶ್ರುತಿ, ಎಂದು ಪೇಟಿಯವನಿಗೆ ಹೇಳಿ ಏರು ದನಿಯಲ್ಲೇ ಎತ್ತುತ್ತಾನೆ. ಬಯಲಿನಲ್ಲಿ, ಮೈಕಿಲ್ಲದ ಕಾಲದಲ್ಲಿ, ಮೂರು ಓಣಿ ಆಚೆಗೆ ಕೇಳಬೇಕಾದ ಹಾಡಿಗೆ ಏರು ಶ್ರುತಿಯೇ ಬೇಕಿತ್ತು. ಪಲ್ಲವನ್ನು ಆತ ಹೇಳಿದ ಮೇಲೆ ಹಿಮ್ಮೇಳ ಅದನ್ನು ಎತ್ತಿಕೊಳ್ಳುತ್ತದೆ. ಒಂದು ನುಡಿ, ಮತ್ತೆ ಪಲ್ಲ, ಇನ್ನೊಂದು ನುಡಿ, ಮತ್ತೆ ಪಲ್ಲ. ಪ್ರತಿ ಸಲ ಲಯ ಒಂದು ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಕೊನೆಯ ನುಡಿಯಲ್ಲಿ ಅಂಕಿತ ಬರುವಾಗ ತಾಳದವರ ಕೈ ಕಾಣಿಸುವುದಿಲ್ಲ. ನಿಂತ ಮೇಲೆ ಒಂದು ಗಳಿಗೆ ಸುಮ್ಮನೆ ಕೂತು, ಯಾರೋ ಒಬ್ಬರು ಆ ನುಡಿಯ ಅರ್ಥ ಬಿಡಿಸುತ್ತಾರೆ. ಮೈಯನ್ನು ಒಂಬತ್ತು ಬಾಗಿಲ ಮನೆಯೆಂದೋ, ಮನಸ್ಸನ್ನು ಬಿತ್ತುವ ಹೊಲವೆಂದೋ ಹೇಳುವ ಪದಗಳು ಬೇಗ ತಿಳಿಯುತ್ತವೆ. ಒಗಟಿನಂಥ ಬೆಡಗಿನ ಪದಗಳಿಗೆ ಮಾತ್ರ ಇಡೀ ರಾತ್ರಿ ಸಾಲದು. ನನ್ನ ಮಟ್ಟಿಗೆ ಭಜನೆಯ ಜೀವ ಇರುವುದು ಈ ಅರ್ಥ ಬಿಡಿಸುವ ಗಳಿಗೆಯಲ್ಲಿ. ಶಾಲೆಯ ಮುಖ ನೋಡದ ರೈತನೊಬ್ಬ ಷಟ್‌ಸ್ಥಲದ ಬಗ್ಗೆ, ಪಿಂಡಾಂಡದ ಬಗ್ಗೆ ಮಾತಾಡುವುದನ್ನು ಅಲ್ಲೇ ಕೇಳಬೇಕು.

ಎರಡು ಮೇಳ ಎದುರುಬದುರಾದರೆ ಸವಾಲ್‌-ಜವಾಬ್ ಶುರು. ಒಂದು ಮೇಳ ಪದದಲ್ಲೇ ಪ್ರಶ್ನೆ ಎಸೆಯುತ್ತದೆ. ಇನ್ನೊಂದು ಮೇಳ ಪದದಲ್ಲೇ ಉತ್ತರ ಕೊಡಬೇಕು. ಬಯಲಾಟದಂತೆ ಇಲ್ಲಿ ವೇಷವಿಲ್ಲ. ತಲೆಯಲ್ಲಿ ಎಷ್ಟು ಪದ ಇವೆ, ಬೇಕಾದಾಗ ಸರಿಯಾದುದು ಬಾಯಿಗೆ ಬರುತ್ತದೆಯೇ ಎಂಬುದಷ್ಟೇ ಬಂಡವಾಳ. ಉತ್ತರ ಸಿಗದೆ ತಡವರಿಸುವ ಮೇಳಕ್ಕೆ ಜನರ ನಡುವಿನಿಂದಲೇ ಯಾರಾದರೂ ಮುತ್ಯಾ ‘ಇದನ್ನ ಹಾಡ್ರಿ’ ಎಂದು ಪಲ್ಲ ನೆನಪಿಸುವುದುಂಟು. ಇದೇ ಸೀಮೆಯ ಗೀಗಿಪದದ ಹರದೇಶಿ-ನಾಗೇಶಿ ವಾದವೂ ಹೀಗೆಯೇ. ಗಂಡು ಮೇಲೋ ಹೆಣ್ಣು ಮೇಲೋ, ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂದು ದಪ್ಪು, ತುಂತುಣಿ ಹಿಡಿದು ಬೆಳಗಾಗುವ ತನಕ ಜಗಳಾಡಿ, ಕೊನೆಗೆ ರಾಜಿಯಾಗಿ ಮಂಗಳ ಹಾಡುತ್ತಾರೆ.

ಹಾಡುಗಾರರ ಮುಂದೆ ಒಂದು ವಹಿ ಇರುತ್ತದೆ. ಕೆಂಪು ಬಟ್ಟೆಯಲ್ಲಿ ಸುತ್ತಿದ, ಅಂಚು ಸವೆದ, ಎಣ್ಣೆಯ ಕೈ ತಾಗಿ ಹಳದಿಗಟ್ಟಿದ ಹಾಡಿನ ವಹಿ. ಅಪ್ಪ ಬರೆದದ್ದನ್ನು ಮಗ ನೋಡಿ ಬರೆದು, ಅದನ್ನು ಮತ್ತೊಬ್ಬ ಕಡ ಒಯ್ದು ಬರೆದುಕೊಂಡು ಇವು ಉಳಿದಿವೆ. ಈ ವಹಿಗಳ ಋಣ ದೊಡ್ಡದು. 1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶ ನಿಜಾಮರ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಓದೂ ಉರ್ದುವಿನಲ್ಲೇ. 1956ರಲ್ಲಿ ಏಕೀಕರಣವಾಗುವ ತನಕ ಇಲ್ಲಿನ ಹಳ್ಳಿಗನಿಗೆ ಕನ್ನಡದ ಅಕ್ಷರ ಹೆಚ್ಚಾಗಿ ಕಾಣುತ್ತಿದ್ದದ್ದು ಮಠದ ಪುರಾಣದ ಪುಸ್ತಕದಲ್ಲಿ ಮತ್ತು ಭಜನೆಯ ವಹಿಯಲ್ಲಿ. ಪದ ಬರೆದುಕೊಳ್ಳಬೇಕೆಂಬ ಆಸೆಗೇ ಅಕ್ಷರ ಕಲಿತವರು ಈ ಕಡೆ ಪ್ರತಿ ಊರಿನ ನೆನಪಿನಲ್ಲೂ ಇದ್ದಾರೆ. ಕನ್ನಡ ಉಳಿಸಿದವರ ಪಟ್ಟಿ ಬರೆಯುವಾಗ ಈ ಭಜನಿ ಮಂದಿಯನ್ನು ಮೊದಲ ಪುಟದಲ್ಲೇ ಬರೆಯಬೇಕು.

ಅಮೆರಿಕದ ಬ್ಲೂಸ್ ಸಂಗೀತ ಕೇಳಿದವರಿಗೆ ಇಲ್ಲಿ ಕೂತಾಗ ಆ ನೆನಪು ಬಾರದಿರದು. ಮಿಸಿಸಿಪ್ಪಿ ನದಿಯ ಬಯಲಿನ ಹತ್ತಿ ಹೊಲಗಳಲ್ಲಿ ದುಡಿದ ಕರಿಯ ಜನ ಕಟ್ಟಿದ ಹಾಡು ಅದು. ಅಲ್ಲೂ ಒಬ್ಬ ಎತ್ತಿದ್ದಕ್ಕೆ ಉಳಿದವರು ಓಗೊಡುವ ರೂಢಿ. ಅದೇ ನದಿಯ ದಂಡೆಯ ಹೆಲೆನಾ ಎಂಬ ಊರಿನಲ್ಲಿ 1986ರಿಂದ ಬ್ಲೂಸ್ ಹಬ್ಬ ನಡೆಯುತ್ತಿದೆ. ಬ್ಲೂಸ್ ಹಾಡುವವನು ಹೆಚ್ಚಾಗಿ ತನ್ನ ಸಂಕಟವನ್ನು ‘ನಾನು’ ಎಂದೇ ಹಾಡುತ್ತಾನೆ. ತತ್ವಪದ ಹಾಡುವವನು ಎದುರಿಗೆ ಕೂತವನನ್ನು ‘ತಮ್ಮಾ’, ‘ತಂಗಿ’ ಎಂದು ಕರೆದು ಮಾತಾಡಿಸುತ್ತಾನೆ. ನೋವು ಎರಡರಲ್ಲೂ ಉಂಟು. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. 1941ರಲ್ಲಿ ಅಲನ್ ಲೋಮ್ಯಾಕ್ಸ್ ಎಂಬಾತ ಅಮೆರಿಕದ ಸಂಸತ್ ಗ್ರಂಥಾಲಯಕ್ಕಾಗಿ ಧ್ವನಿಮುದ್ರಣ ಯಂತ್ರ ಹೊತ್ತು ಆ ಹೊಲಗಳಿಗೇ ಹೋದ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಡ್ಡಿ ವಾಟರ್ಸ್ ಎಂಬ ತರುಣನ ಹಾಡನ್ನು ಅವನ ಮನೆಯಲ್ಲೇ ಮುದ್ರಿಸಿಕೊಂಡ. ಆ ದನಿ ಇಂದಿಗೂ ಸಿಗುತ್ತದೆ. ಅದೇ ಕಾಲದಲ್ಲಿ ನಮ್ಮ ಭೀಮೆಯ ದಂಡೆಯಲ್ಲಿ ಹಾಡುತ್ತಿದ್ದವರ ದನಿ ನಮಗೆ ಸಿಗುವುದಿಲ್ಲ.

ಮಾತು ಸಿಗುತ್ತದೆ, ಅದಕ್ಕೆ ದುಡಿದವರಿದ್ದಾರೆ. ಇದೇ ಭೀಮಾ ತೀರದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬರು, 1930ರ ದಶಕದಲ್ಲೇ ‘ಗರತಿಯ ಹಾಡು’, ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಸಂಕಲನಗಳ ಮೂಲಕ ಜನಪದ ಹಾಡು ಮತ್ತು ಲಾವಣಿಗಳನ್ನು ಅಚ್ಚಿಗೆ ತಂದರು. ಕಲಬುರಗಿಯ ಮೀನಾಕ್ಷಿ ಬಾಳಿಯವರು ತತ್ವಪದಕಾರರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕಡಕೋಳದವರೇ ಆದ ಲೇಖಕ ಮಲ್ಲಿಕಾರ್ಜುನ ಕಡಕೋಳ ತಮ್ಮೂರಿನ ಪರಂಪರೆಯನ್ನು ಬಿಡದೆ ಬರೆಯುತ್ತ ಬಂದಿದ್ದಾರೆ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟಗಳಲ್ಲಿ ಹೊರತಂದಿದೆ.

ಮಾತು ಹೀಗೆ ಉಳಿಯಿತು, ಇನ್ನು ಉಳಿಯಬೇಕಾದದ್ದು ಧಾಟಿ, ಅಂದರೆ ಹಾಡುವ ಮಟ್ಟು. ಪದದ ತಲೆಯ ಮೇಲೆ ವಹಿಯಲ್ಲಿ ಇಂಥ ಪದದ ಧಾಟಿ ಎಂದು ಒಂದು ಸಾಲು ಬರೆದಿರುತ್ತಾರೆ. ಆ ಇನ್ನೊಂದು ಪದದ ಧಾಟಿ ಗೊತ್ತಿದ್ದವರು ತೀರಿಕೊಂಡರೆ ಇದೂ ಹೋದಂತೆಯೇ. ಒಂದೇ ಪದಕ್ಕೆ ಆಳಂದದ ಕಡೆ ಒಂದು ಧಾಟಿ, ಜೇವರ್ಗಿಯ ಕಡೆ ಇನ್ನೊಂದು ಧಾಟಿ ಇರಬಹುದು. ಅಚ್ಚಿನಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಇತ್ತೀಚೆಗೆ ಸಿನಿಮಾ ಹಾಡಿನ ಧಾಟಿಗೆ ಹಳೆಯ ಪದ ಕೂಡಿಸುವ ಮೇಳಗಳು ಹೆಚ್ಚಿವೆ. ಜನ ಕುಣಿಯುತ್ತಾರೆ, ನಿಜ. ಆದರೆ ಅರ್ಥಕ್ಕೆ ತಕ್ಕಂತೆ ನಿಲ್ಲುವ, ತಡೆಯುವ, ಒಂದು ಅಕ್ಷರವನ್ನು ಎಳೆದು ಇನ್ನೊಂದನ್ನು ನುಂಗುವ ಹಳೆಯ ಕ್ರಮ ಅದರಲ್ಲಿ ನಿಲ್ಲದು. ಇದಕ್ಕೆ ಹಾಡುವ ಹುಡುಗರನ್ನು ದೂರಿ ಫಲವಿಲ್ಲ, ಅವರಿಗೆ ಹಳೆಯದನ್ನು ಕಲಿಸುವ ವ್ಯವಸ್ಥೆಯನ್ನು ಯಾರೂ ಮಾಡಿಲ್ಲ. ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸುತ್ತಲ ಮೂರು ತಾಲ್ಲೂಕಿನ ಹಿರಿಯ ಹಾಡುಗಾರರನ್ನು ಕೂರಿಸಿಕೊಂಡು ಒಂದೊಂದೇ ಧಾಟಿಯನ್ನು ಮುದ್ರಿಸಿಡುವ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಜಾಗ ಇಲ್ಲ.

ಕೇಳಬೇಕೆನ್ನುವವರಿಗೆ ದಾರಿ ಕಷ್ಟವಲ್ಲ. ಸೊಲ್ಲಾಪುರ–ವಾಡಿ ರೈಲುಮಾರ್ಗದಲ್ಲಿ ಗಾಣಗಾಪುರ ರೋಡ್ ನಿಲ್ದಾಣವಿದೆ, ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಸಂಗಮ. ಅಮಾವಾಸ್ಯೆಗೆ ಭೀಮೆಯ ದಂಡೆಯ ಘತ್ತರಗಿ ಭಾಗ್ಯವಂತಿಯ ಗುಡಿಗೆ ಜನ ಕಿಕ್ಕಿರಿದು ಬರುತ್ತಾರೆ. ಬೇಸಿಗೆಯ ಜಾತ್ರೆ ತಪ್ಪಿದರೆ ಶ್ರಾವಣ ಮಾಸವಿದೆ, ಆಗ ಊರೂರಿನ ಮಠದಲ್ಲಿ ತಿಂಗಳಿಡೀ ಭಜನೆ. ರಾತ್ರಿ ಹತ್ತರ ಮೊದಲು ಹೋದರೆ ಮೈಕ್ ಸರಿಮಾಡುವುದನ್ನು ಮಾತ್ರ ನೋಡಬಹುದು, ಹನ್ನೆರಡರ ಮೇಲೆ ಪದ ಕಾವೇರುತ್ತದೆ. ಊಟದ ಚಿಂತೆ ಬೇಡ, ಜಾತ್ರೆಯ ದಾಸೋಹದಲ್ಲಿ ಹುಗ್ಗಿ, ಅನ್ನ, ಸಾರು ಇದ್ದೇ ಇರುತ್ತದೆ. ಹೆಂಗಸರು, ಗಂಡಸರು ಎಲ್ಲರೂ ಕೂರುತ್ತಾರೆ, ಹೊರಗಿನವರಿಗೆ ಮುಂದೆ ಜಾಗ ಬಿಡುತ್ತಾರೆ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವವರು ಹಾಡುಗಾರರನ್ನು ಒಂದು ಮಾತು ಕೇಳಿ ಮುದ್ರಿಸಲಿ, ಬೇಡ ಎನ್ನುವವರು ವಿರಳ. ಆದರೆ ಪದ ಶುರುವಾಗುವ ಮುಂಚೆ ಹಾಡುವವರ ಹೆಸರು, ಊರು, ಆ ಧಾಟಿ ಅವರಿಗೆ ಯಾರಿಂದ ಬಂತು ಎಂಬ ಮೂರನ್ನೂ ಅವರ ಬಾಯಿಂದಲೇ ಹೇಳಿಸಿ ಮುದ್ರಿಸಿಕೊಳ್ಳಬೇಕು.