ನಿಮಗಿದು ಗೊತ್ತೆ? ಬಸ್ಸಿಗೇ ಒಂದು ದಾರಿ

ಬಸ್ಸಿಗೆಂದೇ ಪಥ ಬಿಟ್ಟುಕೊಟ್ಟು ದಟ್ಟಣೆ ಗೆಲ್ಲಬಹುದೆಂದು ತೋರಿಸಿದ ಊರು ಬ್ರೆಜಿಲ್‌ನ ಕುರಿಟಿಬಾ. ವಾಸ್ತುಶಿಲ್ಪಿ ಜೈಮೆ ಲರ್ನರ್ ಮೇಯರ್ ಆಗಿದ್ದಾಗ, 1974ರಲ್ಲಿ, ಈ ಸೇವೆ ಶುರುವಾಯಿತು. ಸುರಂಗ ರೈಲು ಆ ಊರಿಗೆ ತೀರಾ ದುಬಾರಿಯಾಗಿತ್ತು.

ನಿಜವಾದ ಜಾಣ್ಮೆ ಕಂಡದ್ದು 1991ರ ಕೊಳವೆಯಾಕಾರದ ನಿಲ್ದಾಣಗಳಲ್ಲಿ. ಬಸ್ಸಿನ ಹೊತ್ತು ಹಾಳಾಗುವುದು ಓಡುವಾಗ ಮಾತ್ರವಲ್ಲ, ನಿಂತಾಗಲೂ ಹೌದಲ್ಲವೆ? ಇಲ್ಲಿ ಟಿಕೆಟ್ ಹಣವನ್ನು ನಿಲ್ದಾಣದ ಬಾಗಿಲಲ್ಲೇ ಕೊಡಬೇಕು. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ; ಮೆಟ್ಟಿಲು ಹತ್ತುವ, ಚಿಲ್ಲರೆ ಹುಡುಕುವ ಪಾಡಿಲ್ಲ. ಗಾಲಿಕುರ್ಚಿಯವರಿಗೂ ಇದು ದೊಡ್ಡ ಆಸರೆ.

ಹುಬ್ಬಳ್ಳಿ–ಧಾರವಾಡ ನಡುವಿನ ಸುಮಾರು 22 ಕಿ.ಮೀ. ಹಾದಿಯಲ್ಲಿ 2018ರಿಂದ ಓಡುತ್ತಿರುವ ‘ಚಿಗರಿ’ ಬಸ್ಸೂ ಇದೇ ಬಳಗದ್ದು. ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ಅದನ್ನು ಹತ್ತುವುದು ಬಲಗಡೆಯ ಬಾಗಿಲಿನಿಂದ. ಚಿಗರಿ ಎಂದರೆ ಆ ಸೀಮೆಯ ಮಾತಿನಲ್ಲಿ ಜಿಂಕೆ.